ಬೇಡ್ತಿಯ ಬೆನ್ನು ಹತ್ತಿ ಕಾರವಾರಕ್ಕೆ

ದುಮ್ಮವಾಡದಿಂದ ಒಂದು ಪತ್ರ ಬಂದಿದೆ. ಬರೆದವಳು ಎಂಟನೇ ಇಯತ್ತೆಯ ಹುಡುಗಿ. ಅಕ್ಷರ ದುಂಡಗಿವೆ, ವಿಷಯ ನೇರವಾಗಿದೆ.

‘ದಸರಾ ಸೂಟಿಯೊಳಗ ಕಾರವಾರಕ್ಕ ಹೋಗೂಣು ಅಂತ ನಾನೂ ತಮ್ಮನೂ ಹಟ ಹಿಡದೇವಿ. ಸೋಯಾ ರಾಶಿ ಬಿಟ್ಟು ಎಲ್ಲೀ ಕಾರವಾರ ಅಂತಾನ ಅಪ್ಪ. ರೊಕ್ಕ ಎಲ್ಲಿಂದ ತರೂದು ಅಂತಾಳ ಅವ್ವ. ಆಯಿ ಏನೂ ಅನ್ನೂದಿಲ್ಲ. ಆಕೀಗೆ ಎಪ್ಪತ್ತೊಂದು ವರ್ಷ. ಸಮುದ್ರ ನೋಡಿಲ್ಲ. ನಾವು ಹೋಗಬಹುದೇನ್ರಿ? ಹೋದರ ಹೆಂಗ ಹೋಗಬೇಕು?’

ಪ್ರವಾಸದ ಬಗ್ಗೆ ಈ ಅಂಕಣಕ್ಕೆ ಪತ್ರಗಳು ಬರುತ್ತವೆ. ಆದರೆ ಸಾಮಾನ್ಯವಾಗಿ ‘ನೋಡತಕ್ಕ ಸ್ಥಳಗಳ ಪಟ್ಟಿ ಕೊಡಿ’ ಎಂದಿರುತ್ತದೆ. ಈ ಹುಡುಗಿ ಪಟ್ಟಿ ಕೇಳಿಲ್ಲ, ಮನೆಯ ಜಗಳವನ್ನೇ ಕಳಿಸಿದ್ದಾಳೆ. ಉತ್ತರ ಅವಳಿಗೆ ಎಷ್ಟೋ, ಅವಳ ಅಪ್ಪ–ಅವ್ವನಿಗೂ ಅಷ್ಟೇ.

ಮೊದಲು ಅಪ್ಪನ ಮಾತು. ಅವನು ಹೇಳುವುದು ಖರೆ ಇದೆ, ತಂಗೀ. ಜೂನ್‌ನಲ್ಲಿ ಬಿತ್ತಿದ ಸೋಯಾಬೀನ್ ನೂರು ದಿನಕ್ಕೆ ಕೊಯ್ಲಿಗೆ ಬರುತ್ತದೆ. ಹಸ್ತ ಮಳೆ ಅದೇ ಹೊತ್ತಿಗೆ ಬಂದು ಕೂಡುತ್ತದೆ. ಒಣಗಿದ ಕಾಯಿ ನೆನೆದರೆ ಕಾಳು ಕಪ್ಪಾಗುತ್ತದೆ, ಮೊಳೆಯುತ್ತದೆ, ಪೇಟೆಯಲ್ಲಿ ದರ ಬೀಳುತ್ತದೆ. ನಿಮ್ಮ ವರ್ಷದ ಲೆಕ್ಕವೆಲ್ಲ ಆ ಹತ್ತು–ಹದಿನೈದು ದಿನಗಳಲ್ಲಿ ಇರುವಾಗ ‘ಸಮುದ್ರ ತೋರಿಸು’ ಎಂದು ಹಟ ಹಿಡಿದರೆ ಯಾವ ಒಕ್ಕಲಿಗನೂ ಒಪ್ಪಲಾರ. ಹೀಗಾಗಿ ಸೂಟಿ ಬಿಟ್ಟ ಮರುದಿನವೇ ಹೊರಡುವ ಆಸೆ ಬಿಡಬೇಕು.

ಆದರೆ ಒಂದು ಸಂದು ಇದೆ. ವಿಜಯದಶಮಿಯಿಂದ ಶೀಗಿ ಹುಣ್ಣಿವೆಗೆ ಐದು ದಿನ. ಬನ್ನಿ ಕೊಟ್ಟು ಬಂಗಾರದಂಗ ಇರೋಣ ಅಂದ ಮರುದಿನ, ಏಕಾದಶಿಯ ಬೆಳಿಗ್ಗೆ ಹೊರಟರೆ ತ್ರಯೋದಶಿಯ ಸಂಜೆ ಮನೆಯಲ್ಲಿರಬಹುದು. ಹುಣ್ಣಿವೆಗೆ ಹೊಲಕ್ಕೆ ಹೋಗಿ ಚರಗ ಚೆಲ್ಲುವುದೂ ತಪ್ಪದು. ಶಾಲೆ ಯಾವ ದಿನ ತೆರೆಯುತ್ತದೆಂಬುದು ವರ್ಷಕ್ಕೊಂದು ತರಹ, ಅದನ್ನು ಗುರುಗಳಿಗೆ ಕೇಳಿಕೊ. ರಾಶಿ ಅಷ್ಟರಲ್ಲಿ ಮುಗಿಯದಿದ್ದರೆ ದೀಪಾವಳಿಯ ನಂತರದ ಒಂದು ಶನಿವಾರ–ರವಿವಾರ ನೋಡಿ. ಅಪ್ಪ ಹೇಳದೆ ಬಿಟ್ಟ ಇನ್ನೊಂದು ತೊಡಕೂ ಇರಬಹುದೆಂದು ನನ್ನ ಗುಮಾನಿ: ಎಮ್ಮೆ ಹಿಂಡುವವರು ಯಾರು? ನಮ್ಮ ಹಳ್ಳಿಗಳಲ್ಲಿ ಎಷ್ಟೋ ಮನೆಯವರು ಎಲ್ಲಿಗೂ ಹೋಗದಿರುವುದು ರೊಕ್ಕ ಇಲ್ಲದ್ದಕ್ಕಲ್ಲ, ದನ ಬಿಟ್ಟು ಹೋಗಲಾರದ್ದಕ್ಕೆ. ಇದಕ್ಕೆ ಮುಯ್ಯಾಳಿನ ಪದ್ಧತಿಯೇ ಔಷಧ. ಮೂರು ದಿನ ಬಾಜೂ ಮನೆಯವರು ನಿಮ್ಮ ದನ ನೋಡಲಿ, ಅವರು ಎಲ್ಲಮ್ಮನ ಗುಡ್ಡಕ್ಕೆ ಹೋದಾಗ ನೀವು ಅವರದನ್ನು ನೋಡಿ.

ಇನ್ನು ಅವ್ವನ ಮಾತು, ರೊಕ್ಕ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ರಾಜ್ಯದ ಹೆಣ್ಣುಮಕ್ಕಳಿಗೆ ಸಾಮಾನ್ಯ ಮತ್ತು ವೇಗದೂತ ಸರಕಾರಿ ಬಸ್ಸುಗಳಲ್ಲಿ ಟಿಕೆಟ್ಟಿಗೆ ರೊಕ್ಕ ಕೊಡಬೇಕಿಲ್ಲ. ಆಯಿ, ಅವ್ವ, ನೀನು, ಮೂವರೂ ಆಧಾರ ಕಾರ್ಡು ಇಟ್ಟುಕೊಂಡರೆ ಸಾಕು. ತಮ್ಮನಿಗೆ ಹನ್ನೆರಡು ತುಂಬಿರದಿದ್ದರೆ ಅರ್ಧ ಟಿಕೆಟ್ಟು. ಅಂದರೆ ಐದು ಜನರ ಸಂಸಾರ ಒಂದೂವರೆ ಟಿಕೆಟ್ಟಿನಲ್ಲಿ ಕಡಲು ಮುಟ್ಟುತ್ತದೆ! ‘ಅಷ್ಟು ದೂರ ಹೋದ ಮೇಲೆ ಗೋವೆಯನ್ನೂ ನೋಡಿಬಿಡೋಣ’ ಎಂದು ಯಾರಾದರೂ ಹೇಳಿಯಾರು. ಬೇಡ. ಗಡಿ ದಾಟಿದರೆ ಈ ಸವಲತ್ತು ಇಲ್ಲ, ಮೂರು ದಿನದಲ್ಲಿ ಅದು ಆಗುವ ಮಾತೂ ಅಲ್ಲ. ಖರ್ಚು ಬರುವುದು ವಸತಿಗೆ. ಎರಡು ರಾತ್ರಿಗೆ ಒಂದೇ ಕೋಣೆ ಸಾಕು, ಆದರೆ ಮೊದಲೇ ಫೋನು ಮಾಡಿ ಮಾತಾಡಿರಬೇಕು. ನೆಲಮಹಡಿಯಲ್ಲೇ ಬೇಕೆಂದು ಕೇಳಿರಿ, ಆಯಿಯ ಮೊಣಕಾಲು ನೆನಪಿರಲಿ.

ಇಷ್ಟಾದರೂ ‘ಕಾರವಾರವೇ ಯಾಕೆ’ ಎಂದು ಅಪ್ಪ ಕೇಳಿದರೆ ನಿನ್ನ ಹತ್ತಿರ ಉತ್ತರ ಇರಬೇಕು. ಅದು ನಿಮ್ಮ ಊರಲ್ಲೇ ಇದೆ.

ನಿಮ್ಮೂರ ಹತ್ತಿರದ ನೀರಸಾಗರ ಕೆರೆಯನ್ನು ಹುಬ್ಬಳ್ಳಿಯವರು ಕುಡಿಯುವ ನೀರಿನ ಕೆರೆಯೆಂದೇ ಬಲ್ಲರು. ಅದನ್ನು ಕಟ್ಟಿದ್ದು ಬೇಡ್ತಿಗೆ ಅಡ್ಡಲಾಗಿ. ಧಾರವಾಡದ ದಿಬ್ಬದ ಮೂಡಣಕ್ಕೆ ಬಿದ್ದ ಮಳೆ ಬೆಣ್ಣಿಹಳ್ಳ, ಮಲಪ್ರಭೆ, ಕೃಷ್ಣೆಯ ದಾರಿ ಹಿಡಿದು ಬಂಗಾಳ ಕೊಲ್ಲಿಗೆ ಹೋಗುತ್ತದೆ. ನವಲಗುಂದದ ಹುಡುಗಿಯ ನೀರು ಆ ಕಡೆಗೆ. ಪಡುವಣಕ್ಕೆ ಬಿದ್ದದ್ದು ನಿನ್ನದು. ಕೆರೆ ಕೋಡಿ ಬಿದ್ದಾಗ ಹರಿಯುವ ನೀರು ಕಲಘಟಗಿ ಸೀಮೆ ದಾಟಿ, ಧಾರವಾಡದ ಸೋಮೇಶ್ವರದಲ್ಲಿ ಹುಟ್ಟಿದ ಶಾಲ್ಮಲೆಯನ್ನು ಕೂಡಿಕೊಂಡು, ಯಲ್ಲಾಪುರದ ಕಾಡಿನಲ್ಲಿ ಮಾಗೋಡದ ಬಂಡೆಯಿಂದ ಧುಮುಕಿ, ಹೆಸರು ಬದಲಿಸಿ ಗಂಗಾವಳಿಯಾಗಿ ಅಂಕೋಲೆಯ ಕೆಳಗೆ ಮಂಜಗುಣಿಯ ಹತ್ತಿರ ಅರಬ್ಬಿ ಸಮುದ್ರ ಸೇರುತ್ತದೆ. ನೀವು ಹಿಡಿಯುವ ಹುಬ್ಬಳ್ಳಿ–ಅಂಕೋಲಾ ಹೆದ್ದಾರಿಯೂ ಹೆಚ್ಚು ಕಡಿಮೆ ಅದೇ ದಿಕ್ಕಿನದು. ಊರ ನೀರು ನಿಮಗಿಂತ ಮೊದಲೇ ದಾರಿ ಮಾಡಿದೆ.

ನೀರಷ್ಟೇ ಅಲ್ಲ, ಅರಳೆಯೂ ಹೋಗಿತ್ತು. 1638ರಲ್ಲಿ ಇಂಗ್ಲಿಷ್ ವರ್ತಕರು ಕಾರವಾರದಲ್ಲಿ ಕೋಠಿ ತೆರೆದದ್ದು ಮೆಣಸಿನ ಆಸೆಗೆ. ಆದರೆ ಅಲ್ಲಿಂದ ಹೆಸರಾದ ಸರಕುಗಳಲ್ಲಿ ನಯವಾದ ಮಸ್ಲಿನ್ ಬಟ್ಟೆಯೂ ಒಂದು, ಅದನ್ನು ನೇಯುತ್ತಿದ್ದವರು ಹುಬ್ಬಳ್ಳಿ ಸೀಮೆಯ ನೇಕಾರರು. ಆಗಿನ ಕಾರವಾರ ಇಂದಿನ ಜಾಗದಲ್ಲಿರಲಿಲ್ಲ, ಕಾಳಿ ನದಿಯ ದಡದ ಕಡವಾಡದಲ್ಲಿತ್ತು. ಮುಂದೆ 1861ರಲ್ಲಿ ಅಮೆರಿಕೆಯಲ್ಲಿ ಅಂತರ್ಯುದ್ಧ ಶುರುವಾಗಿ ಮ್ಯಾಂಚೆಸ್ಟರಿನ ಗಿರಣಿಗಳಿಗೆ ಅರಳೆ ನಿಂತುಹೋದಾಗ ಎಲ್ಲರ ಕಣ್ಣು ಧಾರವಾಡದ ಎರೆಭೂಮಿಯ ಮೇಲೆ ಬಿತ್ತು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ತೆಗೆದು ಮುಂಬಯಿ ಇಲಾಖೆಗೆ ಸೇರಿಸಿದ್ದರ ಹಿಂದೆ, ಕಾರವಾರವನ್ನು ಅರಳೆಯ ಬಂದರು ಮಾಡುವ ಲೆಕ್ಕಾಚಾರ ದೊಡ್ಡದಾಗಿತ್ತು. ಈಗಿನ ಪಟ್ಟಣ ಬೆಳೆದದ್ದೇ ಆ ನಂತರ. ಅತ್ತ ಕುಮಟೆಯಿಂದ ಹಡಗು ಹತ್ತಿದ ನಮ್ಮ ಜವಾರಿ ಹತ್ತಿಗೆ ವಿಲಾಯತಿ ಪೇಟೆಯಲ್ಲಿ ‘ಕುಮಟಾ’ ಎಂದೇ ಹೆಸರು. ಬೆಳೆದವರು ನಾವು, ಹೆಸರು ಬಂದರಿನದು! ಅರಳೆ ಹೇರಿಕೊಂಡು ಘಟ್ಟ ಇಳಿದ ಚಕ್ಕಡಿಗಳು ಬರುವಾಗ ಉಪ್ಪು, ತೆಂಗು ಹೇರಿಕೊಂಡು ಬರುತ್ತಿದ್ದವು. ನಿಮ್ಮ ಮುತ್ತಜ್ಜನ ಅಜ್ಜ ಆ ಸಾಲಿನಲ್ಲಿ ಇದ್ದನೋ ಇಲ್ಲವೋ, ಆಯಿಯನ್ನು ಕೇಳು. ಇಂಥ ಮಾತು ಹಿರಿಯರ ಬಾಯಲ್ಲಿ ಇನ್ನೂ ಉಳಿದಿರುತ್ತವೆ.

1888ರ ಹೊತ್ತಿಗೆ ಕ್ಯಾಸಲ್‌ರಾಕ್ ಮೇಲಿಂದ ಗೋವೆಯ ಮಾರ್ಮಗೋವೆಗೆ ರೈಲು ಓಡಿದ್ದೇ ತಡ, ಸರಕು ಅತ್ತ ತಿರುಗಿತು, ಕಾರವಾರದ ಬಂದರು ಸೊರಗಿತು. ಹುಬ್ಬಳ್ಳಿಯಿಂದ ಅಂಕೋಲೆಗೆ ರೈಲು ಬೇಕೆಂಬ ಕೂಗು ಹಳೆಯದು. 1990ರ ದಶಕದಲ್ಲಿ ಮಂಜೂರಾದ ಆ ಮಾರ್ಗ ಕಾಡಿನ ಪ್ರಶ್ನೆಯಲ್ಲಿ ಸಿಕ್ಕಿಕೊಂಡಿತು. ಆದ್ದರಿಂದ ನಿಮಗೆ ಬಸ್ಸೇ ಗತಿ. ಕಲಘಟಗಿಯಿಂದ ಕಾರವಾರ ಸುಮಾರು ನೂರೈವತ್ತು ಕಿಲೋಮೀಟರು, ನಾಲ್ಕೈದು ತಾಸು. ಸೂಟಿಯ ದಿನಗಳಲ್ಲಿ ಕಲಘಟಗಿಯಲ್ಲಿ ಹತ್ತಿದರೆ ಆಯಿಗೆ ಕೂಡಲು ಜಾಗ ಸಿಗಲಿಕ್ಕಿಲ್ಲ. ಹುಬ್ಬಳ್ಳಿಗೆ ಹೋಗಿ ಹತ್ತುವುದು ಸುತ್ತಾದರೂ ಲೇಸು.

ಯಲ್ಲಾಪುರ ದಾಟಿದ ಮೇಲೆ ಅರಬೈಲ್ ಘಟ್ಟ. ತಿರುವು ಬಹಳ, ಮುಂಜಾನೆ ಹೊಟ್ಟೆ ತುಂಬ ತಿಂದು ಹೊರಟವರು ಅಲ್ಲಿ ಪಶ್ಚಾತ್ತಾಪ ಪಡುತ್ತಾರೆ. ಒಂದು ಲಿಂಬೆಹಣ್ಣು ಕೈಯಲ್ಲಿರಲಿ. ಈ ದಾರಿಗೆ ಆಷಾಢ–ಶ್ರಾವಣ ಬೇಡವೇ ಬೇಡ. 2021ರ ಜುಲೈಯಲ್ಲಿ ಅರಬೈಲಿನಲ್ಲಿ ಗುಡ್ಡ ಕುಸಿದು ರಸ್ತೆ ಬಂದಾಗಿತ್ತು. 2024ರ ಜುಲೈ 16ರಂದು ಅಂಕೋಲೆಯ ಆಚೆ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆ ಬಿದ್ದು, ಜನರನ್ನೂ ವಾಹನಗಳನ್ನೂ ಇದೇ ಗಂಗಾವಳಿಗೆ ದೂಡಿತು. ದಸರೆಯ ಹೊತ್ತಿಗೆ ಮಳೆ ಇಳಿದಿರುತ್ತದೆ, ಕಾಡು ಹಸಿರಾಗಿಯೇ ಇರುತ್ತದೆ. ಆದರೂ ಹಿಂದಿನ ದಿನ ಜೋರು ಮಳೆಯ ಸುದ್ದಿ ಇದ್ದರೆ ಒಂದು ದಿನ ತಡೆಯಿರಿ.

ಊಟದ ಬಗ್ಗೆ ಒಂದೇ ಮಾತು. ಅವ್ವ ಕಟಿಕಟಿ ರೊಟ್ಟಿ, ಶೇಂಗಾ ಚಟ್ನಿ ಕಟ್ಟುವುದು ಖಾತ್ರಿ. ಕಡಲ ಗಾಳಿಗೆ ಕಟಿಕಟಿ ರೊಟ್ಟಿ ಅರ್ಧ ದಿನದಲ್ಲಿ ಒದ್ದೆ ರಟ್ಟಿನಂತಾಗುತ್ತದೆ. ಅರಿವೆಯಲ್ಲಿ ಸುತ್ತುವುದು ಬಿಟ್ಟು ಬಿಗಿ ಮುಚ್ಚಳದ ಡಬ್ಬಿಯಲ್ಲಿ ಒಯ್ಯಿರಿ.

ಕಾರವಾರದಲ್ಲಿ ಏನು ನೋಡಬೇಕು? ಕಡಿಮೆ ನೋಡಿ ಎಂಬುದು ನನ್ನ ಸಲಹೆ. ತಲುಪಿದ ದಿನ ಸಂಜೆ ಬರೇ ಕಡಲತೀರ. ಆ ದಿನಗಳಲ್ಲಿ ಸೂರ್ಯ ಮುಳುಗುವುದು ಆರೂಕಾಲರ ಆಜುಬಾಜು, ಐದಕ್ಕೇ ಹೋಗಿ ಕೂಡಿರಿ. ಅದಕ್ಕೆ ರವೀಂದ್ರನಾಥ ಟಾಗೋರರ ಹೆಸರು ಇಟ್ಟಿದ್ದಾರೆ. ಅವರ ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದರು. 1883ರಲ್ಲಿ, ಇಪ್ಪತ್ತೆರಡರ ವಯಸ್ಸಿನಲ್ಲಿ, ಮನೆಮಂದಿಯ ಜೊತೆ ಬಂದ ರವೀಂದ್ರರು ‘ಪ್ರಕೃತಿಯ ಪ್ರತಿಶೋಧ’ ಎಂಬ ನಾಟಕವನ್ನು ಇಲ್ಲಿಯೇ ಬರೆದರು. ಲೋಕ ಬಿಟ್ಟ ಸನ್ಯಾಸಿಯೊಬ್ಬ ಒಂದು ಅನಾಥ ಹುಡುಗಿಯ ಮಮತೆಗೆ ಸಿಲುಕುವ ಕಥೆ. ಮರುದಿನ ಮುಂಜಾನೆ ಅಲ್ಲೇ ದಂಡೆಯ ಮೇಲಿರುವ ‘ಚಪಲ್’ ಯುದ್ಧನೌಕೆಯ ವಸ್ತುಸಂಗ್ರಹಾಲಯ. ತಮ್ಮನಿಗೆ ಇದೊಂದೇ ಸಾಕು. 1971ರ ಯುದ್ಧದಲ್ಲಿ ಈ ಹಡಗು ಕಾದಿತ್ತೆಂದು ಯಾರಾದರೂ ಹೇಳಿದರೆ ನಂಬಬೇಡಿ, ಅದು ನೌಕಾಪಡೆಗೆ ಸೇರಿದ್ದೇ 1976ರಲ್ಲಿ. ಬಳಿಕ ಕಾಳಿ ನದಿಯ ಆಚೆ ಸದಾಶಿವಗಡ, ಸೋಂದೆಯ ಅರಸ ಬಸವಲಿಂಗ ತಂದೆಯ ಹೆಸರಿನಲ್ಲಿ ಕಟ್ಟಿಸಿದ ಕೋಟೆ. ಅಲ್ಲಿಂದ ನದಿ, ಕಡಲು, ನಡುಗಡ್ಡೆ ಒಂದೇ ನೋಟಕ್ಕೆ ಸಿಗುತ್ತವೆ. ಆಯಿಗೆ ಏರುವುದಾಗದಿದ್ದರೆ ಯಾರಾದರೂ ಒಬ್ಬರು ಅವಳ ಜೊತೆ ಕೆಳಗೆ ಕೂಡಬೇಕು. ಯಾರು ಎಂಬುದನ್ನು ಊರಲ್ಲೇ ನಿಶ್ಚಯಿಸಿ, ಅಲ್ಲಿ ಹೋಗಿ ಜಗಳ ಬೇಡ. ಮೀನು ತಿನ್ನದವರಾದರೂ ಮೀನುಪೇಟೆಯನ್ನು ಒಮ್ಮೆ ಹಾದು ಬನ್ನಿ. ಅಲ್ಲಿ ಕೊಂಕಣಿ ಕಿವಿಗೆ ಬೀಳುತ್ತದೆ, ನಿಮ್ಮ ಕನ್ನಡ ಕೇಳಿ ಅವರೂ ನಗುತ್ತಾರೆ.

ಈಗ ಪಾಲಕರು ಗಮನ ಕೊಟ್ಟು ಓದಬೇಕಾದ ಮಾತು. ಕೆರೆಯಲ್ಲಿ ಈಜು ಬಲ್ಲ ಹುಡುಗನೇ ಕಡಲಿನಲ್ಲಿ ಹೆಚ್ಚು ಅಪಾಯಕ್ಕೆ ಬೀಳುತ್ತಾನೆ. ಏಕೆಂದರೆ ಅವನಿಗೆ ಅಂಜಿಕೆ ಇಲ್ಲ. ಕೆರೆಯ ನೀರು ನಿಂತಿರುತ್ತದೆ. ಕಡಲಿನಲ್ಲಿ ದಂಡೆಗೆ ಬಂದ ತೆರೆ ಹಿಂದಿರುಗುವಾಗ ಕಾಲ ಕೆಳಗಿನ ಮರಳನ್ನೇ ಎಳೆದೊಯ್ಯುತ್ತದೆ. ಕೆಲವು ಕಡೆ ಆ ಹಿಂದಿರುಗುವ ನೀರೆಲ್ಲ ಒಂದೇ ಓಣಿಯಾಗಿ ಆಳಕ್ಕೆ ಹರಿಯುತ್ತದೆ. ಮೇಲಿನಿಂದ ನೋಡಿದರೆ ಅದೇ ಜಾಗ ಶಾಂತವಾಗಿ ಕಾಣುತ್ತದೆ! ಅದರಲ್ಲಿ ಸಿಕ್ಕವರು ದಂಡೆಯ ಕಡೆಗೇ ಈಜಲು ಹೋಗಿ ದಣಿದು ಮುಳುಗುತ್ತಾರೆ. ದಂಡೆಗೆ ಸಮಾನಾಂತರವಾಗಿ ಬಾಜೂಕ್ಕೆ ಸರಿದು ಆ ಓಣಿಯಿಂದ ಹೊರಬರಬೇಕು, ಕೈ ಎತ್ತಿ ಕೂಗಬೇಕು. 2024ರ ಡಿಸೆಂಬರ್‌ನಲ್ಲಿ ಮುರ್ಡೇಶ್ವರಕ್ಕೆ ಶಾಲಾ ಪ್ರವಾಸ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ತೀರಿಕೊಂಡರು. ಅವರೂ ದೂರದ ಒಳನಾಡಿನ ಮಕ್ಕಳೇ. ಮೊಣಕಾಲಿನ ಆಚೆ ನೀರಿಗೆ ಇಳಿಯುವುದಿಲ್ಲ, ದೊಡ್ಡವರ ಕೈ ಬಿಡುವುದಿಲ್ಲ, ಹೊತ್ತು ಮುಳುಗಿದ ಮೇಲೆ ನೀರಿಗೆ ಹೋಗುವುದಿಲ್ಲ. ಇಷ್ಟನ್ನು ತಮ್ಮನಿಂದ ಮನೆಯಲ್ಲೇ ಹೇಳಿಸಿಕೊ. ಕೆಂಪು ಬಾವುಟ ಕಂಡರೆ, ಜೀವರಕ್ಷಕರು ಸೀಟಿ ಊದಿದರೆ ವಾದ ಮಾಡಬಾರದು.

ಏಕಾದಶಿ ಆರಿಸಿದ್ದಕ್ಕೆ ಇನ್ನೊಂದು ಕಾರಣವಿದೆ. ಹುಣ್ಣಿವೆ, ಅಮವಾಸ್ಯೆಗಳ ಸುತ್ತ ಭರತ ಹೆಚ್ಚು. ಅಷ್ಟಮಿಯ ನಂತರದ ಒಂದೆರಡು ದಿನ ಎಲ್ಲಕ್ಕಿಂತ ಕಡಿಮೆ. ನಾನು ಹುಡುಗನಾಗಿದ್ದಾಗ ಇದು ತಿಳಿಯದೆ ಹುಣ್ಣಿವೆಯ ಸಂಜೆ ನೀರಿನಿಂದ ಇಪ್ಪತ್ತು ಹೆಜ್ಜೆ ದೂರ ಹೊಸ ಚಪ್ಪಲಿ ಬಿಟ್ಟು ಮರಳಿನಲ್ಲಿ ಆಡುತ್ತ ಕೂತೆ. ತಿರುಗಿ ನೋಡಿದಾಗ ಎರಡೂ ಇರಲಿಲ್ಲ. ಬರಿಗಾಲಲ್ಲಿ ಘಟ್ಟ ಹತ್ತಿ ಬಂದವನಿಗೆ ಮನೆಯಲ್ಲಿ ಸಮುದ್ರ ಹೇಗಿತ್ತೆಂದು ಯಾರೂ ಕೇಳಲಿಲ್ಲ, ಚಪ್ಪಲಿ ಎಲ್ಲಿ ಎಂದೇ ಕೇಳಿದರು.

ಮೂರನೆಯ ದಿನ ಬೇಗ ಹೊರಟು ಅಂಕೋಲೆಯಲ್ಲಿ ಇಳಿಯಿರಿ. 1930ರ ಏಪ್ರಿಲ್‌ನಲ್ಲಿ ಉಪ್ಪಿನ ಕಾಯದೆ ಮುರಿದ ಊರು ಅದು, ನಿನ್ನ ಇತಿಹಾಸದ ಪುಸ್ತಕದಲ್ಲಿ ಇದ್ದೀತು. (ಗೋಕರ್ಣದ ಬಳಿಯ ಸಾಣಿಕಟ್ಟೆಯ ಉಪ್ಪಿನಾಗರ ನೋಡುವ ಆಸೆ ಇದ್ದರೆ ಬೇಸಿಗೆಗೆ ಬನ್ನಿ, ಈಗ ಅಲ್ಲಿ ಬರೇ ನೀರು.) ಅಂಕೋಲೆಯಿಂದ ಮಂಜಗುಣಿಗೆ ರಿಕ್ಷಾ ಮಾಡಿಕೊಳ್ಳಿರಿ. ಎಲ್ಲಿಯೂ ಖರ್ಚು ಮಾಡಬೇಡಿ ಎಂದ ನಾನೇ ಇಲ್ಲಿ ಮಾಡಿರಿ ಎನ್ನುತ್ತಿದ್ದೇನೆ. ಅಲ್ಲಿ ಅಂಗಡಿ ಸಾಲಿಲ್ಲ, ಫೋಟೋ ತೆಗೆಸಿಕೊಳ್ಳುವ ಗದ್ದಲವಿಲ್ಲ. ಗಂಗಾವಳಿ ಅಗಲವಾಗಿ ಬಂದು ಕಡಲಿಗೆ ಸೇರುವುದು ಕಾಣುತ್ತದೆ. ಆಯಿಯನ್ನು ಒಂದು ಒಳ್ಳೆಯ ಜಾಗದಲ್ಲಿ ಕೂಡಿಸಿ, ಇದು ಯಾವ ನೀರು ಎಂದು ಅವಳಿಗೆ ನೀನೇ ಹೇಳಬೇಕು.

ಅಂದ ಹಾಗೆ, ಆಯಿ ಏನೂ ಅನ್ನುವುದಿಲ್ಲ ಎಂದು ಬರೆದಿದ್ದೀ. ‘ನೀ ಬರ್ತೀ ಏನು’ ಎಂದು ಕೇಳಿದರೆ ಆ ವಯಸ್ಸಿನವರು ‘ನಾ ಯಾಕವಾ, ನೀವ ಹೋಗಿ ಬರ್ರಿ’ ಎಂದೇ ಅನ್ನುತ್ತಾರೆ. ಹಾಗೆ ಕೇಳಬೇಡ. ಅವಳ ಆಧಾರ ಕಾರ್ಡು ಯಾವ ಟ್ರಂಕಿನಲ್ಲಿದೆ ಎಂದು ಕೇಳು. ಎಮ್ಮೆಯ ವ್ಯವಸ್ಥೆ ಆದ ಕೂಡಲೇ ನನಗೊಂದು ಕಾರ್ಡು ಬರೆ.