ತೋಟದ ಲೆಕ್ಕ, ಊರಿನ ಲೆಕ್ಕ

ದೇಶದ ಕಾಫಿ ಉತ್ಪಾದನೆಯಲ್ಲಿ ಸುಮಾರು ಶೇ. 70ರಷ್ಟು ಕರ್ನಾಟಕದ್ದು, ಅದು ಮುಖ್ಯವಾಗಿ ಕೊಡಗು, ಚಿಕ್ಕಮಗಳೂರು, ಹಾಸನ ಜಿಲ್ಲೆಗಳಿಂದ ಬರುತ್ತದೆ. ಇಲ್ಲಿನ ಬಹುಪಾಲು ಹಿಡುವಳಿಗಳು 10 ಹೆಕ್ಟೇರಿಗಿಂತ ಚಿಕ್ಕವು ಮತ್ತು ಕುಟುಂಬಗಳ ಒಡೆತನದವು. ಇಂತಹ ತೋಟವನ್ನು ಕೇವಲ ಕೃಷಿಭೂಮಿಯೆಂದು ಎಣಿಸುವುದು ವಾಣಿಜ್ಯ ದೃಷ್ಟಿಯಿಂದ ಸರಿಯಲ್ಲ.

ಗೊಬ್ಬರದ ಅಂಗಡಿ, ಪಲ್ಪರ್ ದುರಸ್ತಿಯ ವರ್ಕ್‌ಶಾಪ್, ಕ್ಯೂರಿಂಗ್ ಘಟಕ, ಲಾರಿ ಮಾಲೀಕ, ದಿನಸಿ ವರ್ತಕ ಇವರೆಲ್ಲರ ವಹಿವಾಟು ತೋಟವನ್ನು ಅವಲಂಬಿಸಿದೆ. ಕಾರ್ಮಿಕರ ಬಟವಾಡೆಯ ಹಣ ಸಂತೆಯ ದಿನವೇ ಪೇಟೆ ಸೇರುತ್ತದೆ. ಬೆಳೆಗಾರನ ಉದ್ರಿ ಮಾತ್ರ ಕೊಯ್ಲು ಮುಗಿದ ಮೇಲೆಯೇ ಚುಕ್ತಾ ಆಗುತ್ತದೆ. ಈ ಉದ್ರಿಗೆ ಆಧಾರ ಅಡಮಾನವಲ್ಲ, ಮನೆತನದ ಮೇಲಿನ ವಿಶ್ವಾಸ.

1942ರ ಕಾಫಿ ಕಾಯ್ದೆಯ ಪೂಲ್ ವ್ಯವಸ್ಥೆಯಲ್ಲಿ ಮಂಡಳಿಯೇ ಕಾಫಿಯನ್ನು ಮಾರಿ, ಬೆಳೆಗಾರರಿಗೆ ಕಂತುಗಳಲ್ಲಿ ಹಣ ಪಾವತಿಸುತ್ತಿತ್ತು. 1996ರಲ್ಲಿ ಪೂರ್ಣ ಮುಕ್ತ ಮಾರಾಟದ ಅವಕಾಶ ದೊರೆಯಿತು. ಅದರೊಂದಿಗೆ ಬೆಲೆಯ ಅಪಾಯವೂ ಬೆಳೆಗಾರನ ಹೆಗಲೇರಿತು. 2000ದ ನಂತರದ ಬೆಲೆ ಕುಸಿತದಲ್ಲಿ ಸಾಲದ ಹೊರೆ ತೋಟದ ಗಡಿಯೊಳಗೆ ನಿಲ್ಲಲಿಲ್ಲ. ಪೇಟೆಯ ಖಾತೆಪುಸ್ತಕಗಳಿಗೂ ತಟ್ಟಿತು.

ಹಸಿಯಾಗಿ ಅಥವಾ ಒಣಗಿಸಿ ಮಾರಿದ ಕಾಫಿಯ ವರಮಾನ ಕೃಷಿ ಆದಾಯವಾದ್ದರಿಂದ ಅದಕ್ಕೆ ಕೇಂದ್ರದ ಆದಾಯ ತೆರಿಗೆ ಇಲ್ಲ. ತೆರಿಗೆ ಇಲ್ಲವೆಂಬ ಕಾರಣಕ್ಕೆ ಲೆಕ್ಕವೂ ಬೇಡವೆಂಬ ಭಾವನೆ ಅನೇಕ ಮನೆಗಳಲ್ಲಿ ಬೇರೂರಿದೆ. ಮದುವೆಯ ಖರ್ಚು, ಮಕ್ಕಳ ಶಿಕ್ಷಣ, ತೋಟದ ಗೊಬ್ಬರ ಎಲ್ಲವೂ ಒಂದೇ ಚೀಲದಿಂದ ಹೋದರೆ, ತೋಟ ಲಾಭದಲ್ಲಿದೆಯೇ ಎಂಬುದು ಯಜಮಾನನಿಗೇ ತಿಳಿಯದು.

ಪಾಲುಪಟ್ಟಿಯ ಸಂದರ್ಭದಲ್ಲಿ ಈ ದೋಷ ಬಯಲಾಗುತ್ತದೆ. 2005ರ ತಿದ್ದುಪಡಿಯಂತೆ ಹಿಂದೂ ಅವಿಭಕ್ತ ಕುಟುಂಬದಲ್ಲಿ ಹೆಣ್ಣುಮಕ್ಕಳಿಗೂ ಸಮಾನ ಹಕ್ಕುಂಟು, ಇದು ನ್ಯಾಯವೇ. ಆದರೆ ಗಡಿಕಲ್ಲು ನೆಟ್ಟು ಹಂಚಿದಾಗ ಕಣ ಒಬ್ಬರಿಗೆ, ಕೆರೆ ಮತ್ತೊಬ್ಬರಿಗೆ, ಲೈನ್ ಮನೆಗಳು ಮಗದೊಬ್ಬರಿಗೆ ಸೇರುತ್ತವೆ. ಯಾವ ಪಾಲೂ ಸ್ವತಂತ್ರವಾಗಿ ನಿಲ್ಲದೆ ಕೊನೆಗೆ ತೋಟ ಮಾರಾಟಕ್ಕೆ ಬರುತ್ತದೆ. ತಲೆಮಾರುಗಳಿಂದ ದುಡಿದ ಕಾರ್ಮಿಕ ಕುಟುಂಬಗಳೂ ಹಳೆಯ ಉದ್ರಿಯೂ ಅತಂತ್ರವಾಗುತ್ತವೆ.

ಪ್ರತಿಯೊಬ್ಬರ ಹಕ್ಕನ್ನು ದಾಖಲಿಸಿ, ನಿರ್ವಹಣೆಯನ್ನು ಪಾಲುದಾರಿಕೆಯ ಮೂಲಕ ಒಂದೇ ಕೈಯಲ್ಲಿ ಉಳಿಸುವುದು ಮೇಲಾದ ಮಾರ್ಗ. ಮನೆಯ ಮತ್ತು ತೋಟದ ಬ್ಯಾಂಕ್ ಖಾತೆಗಳು ಬೇರೆಯಾಗಬೇಕು; ಒಳ್ಳೆಯ ವರ್ಷದ ಲಾಭದಲ್ಲಿ ಒಂದಂಶ ಮೀಸಲು ನಿಧಿಗೆ ಸೇರಬೇಕು. ವರ್ತಕರು ಸಹ ಉದ್ರಿಗೆ ಮಿತಿಯನ್ನೂ ಅವಧಿಯನ್ನೂ ಲಿಖಿತವಾಗಿ ಗೊತ್ತುಪಡಿಸುವುದು ಉಚಿತ. 2024–25ರಲ್ಲಿ ಕಾಫಿ ಬೆಲೆ ದಾಖಲೆ ಮಟ್ಟ ಮುಟ್ಟಿತು. ಆ ಹಣ ಕೈಯಲ್ಲಿರುವಾಗಲೇ ಈ ವ್ಯವಸ್ಥೆ ಮಾಡಿಕೊಂಡ ಕುಟುಂಬಗಳು ಮುಂದಿನ ಕುಸಿತದಲ್ಲಿ ತಾವು ಉಳಿಯುವುದಲ್ಲದೆ ತಮ್ಮ ಪೇಟೆಯನ್ನೂ ಉಳಿಸುತ್ತವೆ.