ಎರಡು ಗಜದ ಓಟವನ್ನು ನೋಡಿ

2013ರ ಋತುವಿನಲ್ಲಿ, ಅಮೆರಿಕನ್ ಫುಟ್‌ಬಾಲ್‌ನ ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್‌ನಲ್ಲಿ, ಇಂಡಿಯಾನಾಪೊಲಿಸ್ ಕೋಲ್ಟ್ಸ್ ತಂಡದ ಪರ ಚೆಂಡು ಹೊತ್ತು ಓಡಿದ ಇಬ್ಬರ ಲೆಕ್ಕ ಹೀಗಿದೆ. ಡೊನಾಲ್ಡ್ ಬ್ರೌನ್ ಓಡಿದಾಗ ಸಲಕ್ಕೆ ಸರಾಸರಿ 5.3 ಗಜ ದಕ್ಕಿತು. ಟ್ರೆಂಟ್ ರಿಚರ್ಡ್ಸನ್ ಓಡಿದಾಗ ದಕ್ಕಿದ್ದು 2.9 ಗಜ. ಇಬ್ಬರ ಕೈಗೂ ಚೆಂಡು ಇಡುತ್ತಿದ್ದ ಕ್ವಾರ್ಟರ್‌ಬ್ಯಾಕ್ ಒಬ್ಬರೇ, ಆಂಡ್ರ್ಯೂ ಲಕ್. ಎದುರಾಳಿಗಳನ್ನು ತಳ್ಳಿ ದಾರಿ ಬಿಡಿಸುತ್ತಿದ್ದ ಲೈನ್‌ಮನ್‌ಗಳೂ ಅವರೇ. ಡೊನಾಲ್ಡ್ ಬ್ರೌನ್ ಹೆಸರು ಇವತ್ತು ಕೋಲ್ಟ್ಸ್ ಅಭಿಮಾನಿಗಳ ಆಚೆ ಹೆಚ್ಚು ಜನರ ನೆನಪಿನಲ್ಲಿಲ್ಲ. ರಿಚರ್ಡ್ಸನ್ ಆದರೋ, ವೃತ್ತಿಪರ ತಂಡಗಳು ಆಟಗಾರರನ್ನು ಸರದಿಯಲ್ಲಿ ಆರಿಸಿಕೊಳ್ಳುವ 2012ರ ಡ್ರಾಫ್ಟ್‌ನಲ್ಲಿ ದೇಶದ ಎಲ್ಲ ಕಾಲೇಜು ಆಟಗಾರರ ಪೈಕಿ ಮೂರನೆಯವರಾಗಿ ಆಯ್ಕೆಯಾದವರು. ಕ್ಲೀವ್‌ಲ್ಯಾಂಡ್ ತಂಡ ಅವರನ್ನು ಬಿಡಬಾರದೆಂದು ನಾಲ್ಕನೇ ಸ್ಥಾನದಿಂದ ಮೂರಕ್ಕೆ ಏರಲು ಇನ್ನೂ ಮೂರು ಆಯ್ಕೆಗಳನ್ನು ಮಿನ್ನೆಸೋಟಕ್ಕೆ ಒಪ್ಪಿಸಿತ್ತು. ಎರಡನೇ ಋತುವಿನ ಎರಡು ಪಂದ್ಯ ಮುಗಿಯುತ್ತಿದ್ದಂತೆ ಅದೇ ತಂಡ ಅವರನ್ನು ಕೋಲ್ಟ್ಸ್‌ಗೆ ದಾಟಿಸಿತು. ಕೋಲ್ಟ್ಸ್ ಪ್ರತಿಯಾಗಿ ತನ್ನ ಮರುವರ್ಷದ ಮೊದಲ ಸುತ್ತಿನ ಆಯ್ಕೆಯನ್ನೇ ಬಿಟ್ಟುಕೊಟ್ಟಿತು. 2014ರ ನಂತರ ರಿಚರ್ಡ್ಸನ್ ಎನ್‌ಎಫ್‌ಎಲ್ ಋತುವಿನ ಒಂದು ಪಂದ್ಯವನ್ನೂ ಆಡಲಿಲ್ಲ.

ಎರಡು ತಂಡಗಳ ಅನುಭವಸ್ಥ ಕಣ್ಣುಗಳು ಒಬ್ಬನೇ ಹುಡುಗನ ವಿಷಯದಲ್ಲಿ ಸಾಲಾಗಿ ಎಡವಿದವು. ದುರದೃಷ್ಟ ಎಂದು ಇದನ್ನು ತಳ್ಳಿಹಾಕಲು ನಾನು ತಯಾರಿಲ್ಲ. ಕಾಲೇಜಿನ ರನ್ನಿಂಗ್ ಬ್ಯಾಕ್ ಒಬ್ಬ ವೃತ್ತಿಪರ ಆಟದಲ್ಲಿ ನಿಲ್ಲುತ್ತಾನೋ ಇಲ್ಲವೋ ಎಂದು ಅಳೆಯುವವರು ನೋಡಬಾರದ್ದನ್ನೇ ಹೆಚ್ಚು ನೋಡುತ್ತಾರೆ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಎಂಬತ್ತು ಗಜ ಓಡಿ, ಕೊನೆಯ ಗೆರೆ ದಾಟಿ ಟಚ್‌ಡೌನ್ ಮಾಡಿದ ದೃಶ್ಯವನ್ನು ಎಲ್ಲರೂ ಹತ್ತು ಸಲ ತಿರುಗಿಸಿ ನೋಡುತ್ತಾರೆ. ಎರಡೇ ಗಜಕ್ಕೆ ಮುಗಿದುಹೋದ ಓಟವನ್ನು ಕೂತು ನೋಡುವವರು ಕಡಿಮೆ. ಹುಡುಗನ ಗುಣ ಬಯಲಾಗುವುದು ಅಲ್ಲಿ.

ಈ ಆಟ ಹೊಸದಾದವರಿಗೆ ಎರಡು ಮಾತು. ಅಮೆರಿಕನ್ ಫುಟ್‌ಬಾಲ್‌ನಲ್ಲಿ ದಾಳಿ ಮಾಡುವ ತಂಡಕ್ಕೆ ಹತ್ತು ಗಜ ಮುಂದೆ ಸಾಗಲು ನಾಲ್ಕು ಅವಕಾಶ. ಚೆಂಡನ್ನು ಎಸೆಯಬಹುದು, ಇಲ್ಲವೇ ಹೊತ್ತು ಓಡಬಹುದು. ಹೊತ್ತು ಓಡುವ ಕೆಲಸ ಮುಖ್ಯವಾಗಿ ರನ್ನಿಂಗ್ ಬ್ಯಾಕ್‌ನದು. ಪೆನ್ಸಿಲ್ವೇನಿಯಾದಲ್ಲೋ ಒಹಾಯೊದಲ್ಲೋ ನೆಲೆಸಿರುವ ಕನ್ನಡಿಗರ ಮಕ್ಕಳು ಓದುವ ವಿಶ್ವವಿದ್ಯಾಲಯಗಳಲ್ಲಿ ಶನಿವಾರದ ಒಂದು ಪಂದ್ಯಕ್ಕೆ ಲಕ್ಷಕ್ಕೂ ಮೀರಿ ಜನ ಸೇರುತ್ತಾರೆ. ಅಲ್ಲಿ ಆಡುವ ಹುಡುಗರಲ್ಲಿ ಬೆರಳೆಣಿಕೆಯಷ್ಟು ಮಂದಿಯನ್ನು ಏಪ್ರಿಲ್‌ನ ಡ್ರಾಫ್ಟ್‌ನಲ್ಲಿ 32 ವೃತ್ತಿಪರ ತಂಡಗಳು ಏಳು ಸುತ್ತುಗಳಲ್ಲಿ ಆರಿಸಿಕೊಳ್ಳುತ್ತವೆ.

ಈಗ ಒಂದು ಓಟವನ್ನು ಹತ್ತಿರದಿಂದ ನೋಡೋಣ. ಚೆಂಡು ಕ್ವಾರ್ಟರ್‌ಬ್ಯಾಕ್ ಕೈಗೆ ಬಂತು. ಐವರೂ ಲೈನ್‌ಮನ್‌ಗಳು ಒಟ್ಟಿಗೆ ಬಲಕ್ಕೆ ಹೆಜ್ಜೆ ಇಟ್ಟರು. ರನ್ನಿಂಗ್ ಬ್ಯಾಕ್ ಎರಡು ಕಿರುಹೆಜ್ಜೆ ಹಾಕಿ, ಒಂದು ತೋಳು ಮೇಲೆ, ಒಂದು ತೋಳು ಕೆಳಗೆ ಹಿಡಿದು ಹೊಟ್ಟೆಯ ಬಳಿ ಜಾಗ ಮಾಡಿಕೊಟ್ಟ. ಚೆಂಡು ಅಲ್ಲಿಗೆ ಬಂದು ಕೂತಿತು. ಅದರ ಕಡೆ ಅವನು ಕಣ್ಣು ಹಾಯಿಸಲೇ ಇಲ್ಲ. ಅವನ ಕಣ್ಣು ಇರುವುದು ಮುಂದೆ ಕುಸ್ತಿಗೆ ಬಿದ್ದವರ ಸೊಂಟ ಮತ್ತು ಭುಜಗಳ ಮೇಲೆ. ಎದುರಾಳಿ ಒಳಗೆ ನುಗ್ಗಿದರೆ ತಾನು ಹೊರಗೆ ಹೋಗಬೇಕು, ಎದುರಾಳಿ ಹೊರಗೆ ಕಾದು ನಿಂತರೆ ತಾನು ಒಳಗೆ. ಎಲ್ಲರೂ ಬಲಕ್ಕೇ ಹರಿದುಬಂದರೆ ಒಂದು ಕಾಲು ಊರಿ, ಮೈಯನ್ನು ಎಡಕ್ಕೆ ತಿರುಗಿಸಿ, ಖಾಲಿಯಾದ ಕಡೆ ನುಗ್ಗಬೇಕು. ಅವಸರ ಮಾಡಿದರೆ ಬಾಗಿಲು ತೆರೆಯುವ ಮುಂಚೆ ಹೋಗಿ ಬಡಿಯುತ್ತಾನೆ, ತಡ ಮಾಡಿದರೆ ಬಾಗಿಲು ಮುಚ್ಚಿರುತ್ತದೆ. ಇಷ್ಟೆಲ್ಲಾ ತೀರ್ಮಾನ ಆಗಿಹೋಗುವುದು ಒಂದು ಕ್ಷಣದೊಳಗೆ.

ಕೋಲ್ಟ್ಸ್ ಅಂಗಿಯಲ್ಲಿ ರಿಚರ್ಡ್ಸನ್ ಓಡಿದ ಚಿತ್ರಗಳು ಅಭಿಮಾನಿಗಳ ನಡುವೆ ಬಹಳ ಓಡಾಡಿದವು. ಪಕ್ಕದಲ್ಲಿ ಎತ್ತಿನ ಗಾಡಿ ದಾಟುವಷ್ಟು ಜಾಗ ಬಿದ್ದಿದ್ದರೂ ತಮ್ಮದೇ ತಂಡದ ಲೈನ್‌ಮನ್ ಬೆನ್ನಿಗೆ ಹೋಗಿ ಗುದ್ದಿಕೊಳ್ಳುವ ದೃಶ್ಯಗಳು ಅವು. ಕಾಲಿನಲ್ಲಿ ಬಲವಿತ್ತು, ಎದೆಯಲ್ಲಿ ಛಲವಿತ್ತು. ಮೊದಲ ವರ್ಷ ಪಕ್ಕೆಲುಬು ಮುರಿದುಕೊಂಡೂ ಆಡಿದವರು ಅವರು. ಜಾಗ ಎಲ್ಲಿ ತೆರೆಯಲಿದೆ ಎಂದು ಮುಂಚಿತವಾಗಿ ಕಾಣುವ ಕಣ್ಣು ಮಾತ್ರ ಇರಲಿಲ್ಲ.

ಅವರು ಕಾಲೇಜು ಆಟ ಆಡಿದ ಅಲಬಾಮಾದಲ್ಲಿ ಆ ಕಣ್ಣಿನ ಅಗತ್ಯವೇ ಬೀಳಲಿಲ್ಲ. 2011ರಲ್ಲಿ ಅವರು 1,679 ಗಜ ಓಡಿದರು, 21 ಟಚ್‌ಡೌನ್. ಅವರ ಮುಂದಿದ್ದವರು ಯಾರು ಎಂದು ನೋಡಿ. ಬ್ಯಾರೆಟ್ ಜೋನ್ಸ್ ಆ ವರ್ಷ ದೇಶದ ಶ್ರೇಷ್ಠ ಲೈನ್‌ಮನ್‌ಗೆ ಸಲ್ಲುವ ಔಟ್‌ಲ್ಯಾಂಡ್ ಟ್ರೋಫಿ ಗೆದ್ದವರು. ಚಾನ್ಸ್ ವಾರ್ಮ್ಯಾಕ್ ಮತ್ತು ಡಿ.ಜೆ. ಫ್ಲೂಕರ್ 2013ರ ಡ್ರಾಫ್ಟ್‌ನಲ್ಲಿ 10 ಮತ್ತು 11ನೆಯವರಾಗಿ ಬೆನ್ನುಬೆನ್ನಿಗೇ ಆಯ್ಕೆಯಾದರು. ಇಂಥವರ ಹಿಂದೆ ಓಡುವವನಿಗೆ ನಕ್ಷೆಯಲ್ಲಿ ಬರೆದ ಜಾಗದಲ್ಲೇ ಬಾಗಿಲು ತೆರೆದಿರುತ್ತದೆ. ಹೊಸ ದಾರಿ ಹುಡುಕುವ ಪ್ರಶ್ನೆ ಹುಡುಗನ ಮುಂದೆ ಬರುವುದೇ ಅಪರೂಪ. ಕ್ಲೀವ್‌ಲ್ಯಾಂಡ್‌ನ ಹಳೆಯ ದಿಗ್ಗಜ ಜಿಮ್ ಬ್ರೌನ್ ಡ್ರಾಫ್ಟ್‌ಗೆ ಮುಂಚೆಯೇ ಈತ ಸಾಧಾರಣ ಆಟಗಾರ ಎಂದು ಬಹಿರಂಗವಾಗಿ ಹೇಳಿದ್ದರು. ಅದು ಅನೇಕರಿಗೆ ಹಿಡಿಸಲಿಲ್ಲ. ಒಂಬತ್ತೇ ಋತುಗಳಲ್ಲಿ 12,312 ಗಜ, ಸಲಕ್ಕೆ 5.2 ಗಜದ ಸರಾಸರಿಯಲ್ಲಿ ಓಡಿದ್ದ ಮನುಷ್ಯನ ಮಾತಿಗೆ ಆಗಲೇ ಕಿವಿಗೊಡಬೇಕಿತ್ತು.

ಹಾಗಾಗಿ ನನ್ನ ಮೊದಲ ಒತ್ತಾಯ ಇದು: ಹುಡುಗನ ಒಟ್ಟು ಗಜಗಳಿಂದ ಲೈನ್‌ಮನ್‌ಗಳ ಪಾಲನ್ನು ಕಳೆಯಿರಿ. ಅದಕ್ಕೆ ಇರುವ ಸರಳ ದಾರಿ, ಅದೇ ಲೈನ್ ಹಿಂದೆ ಅದೇ ವರ್ಷ ಓಡಿದ ಬದಲಿ ಆಟಗಾರ ಎಷ್ಟು ಗಳಿಸಿದ ಎಂದು ನೋಡುವುದು. ಕೋಲ್ಟ್ಸ್‌ನಲ್ಲಿ ಎಲ್ಲರ ಕಣ್ಣಿಗೆ ಬಿದ್ದ ವ್ಯತ್ಯಾಸ ಅದೇ.

ಲೆಕ್ಕ ಇನ್ನೊಂದು ದಿಕ್ಕಿನಲ್ಲೂ ಅಷ್ಟೇ ಕೆಲಸ ಮಾಡುತ್ತದೆ. ಪೆನ್ ಸ್ಟೇಟ್ ವಿಶ್ವವಿದ್ಯಾಲಯದ ಸೇಕ್ವಾನ್ ಬಾರ್ಕ್‌ಲಿ ಅವರನ್ನು ನ್ಯೂಯಾರ್ಕ್ ಜೈಂಟ್ಸ್ 2018ರಲ್ಲಿ ಎರಡನೆಯವರಾಗಿ ಆರಿಸಿತು. ದುರ್ಬಲ ಲೈನ್ ಹಿಂದೆ ವರ್ಷಗಟ್ಟಲೆ ಏಟು ತಿಂದರು, 2020ರಲ್ಲಿ ಮೊಣಕಾಲಿನ ಅಸ್ಥಿರಜ್ಜು ಹರಿದುಕೊಂಡರು. ಆರು ಋತುಗಳಾದ ಮೇಲೆ ಜೈಂಟ್ಸ್ ಅವರನ್ನು ಹೋಗಗೊಟ್ಟಿತು. 2024ರಲ್ಲಿ ಫಿಲಡೆಲ್ಫಿಯಾ ಈಗಲ್ಸ್‌ನ ಬಲಿಷ್ಠ ಲೈನ್ ಹಿಂದೆ ನಿಂತದ್ದೇ 2,005 ಗಜ ಓಡಿ ಸೂಪರ್ ಬೌಲ್ ಗೆದ್ದರು. ಕಾಲು ಅದೇ, ಕಣ್ಣು ಅದೇ. ಬದಲಾಗಿದ್ದು ಮುಂದಿದ್ದ ಐವರು.

ಫೆಬ್ರುವರಿ ಕೊನೆಗೆ ಇಂಡಿಯಾನಾಪೊಲಿಸ್‌ನಲ್ಲಿ ಕಂಬೈನ್ ನಡೆಯುತ್ತದೆ. ಹುಡುಗರನ್ನು ಚಡ್ಡಿ ಬನಿಯನ್ನಿನಲ್ಲಿ ನಿಲ್ಲಿಸಿ ಎತ್ತರ, ತೂಕ, ಜಿಗಿತ ಅಳೆದು, 40 ಗಜ ನೇರ ಓಡಿಸಿ ಗಡಿಯಾರ ಹಿಡಿಯುತ್ತಾರೆ. ಗಡಿಯಾರವನ್ನು ನಾನು ಪೂರ್ತಿ ತಿರಸ್ಕರಿಸುವುದಿಲ್ಲ. 2008ರಲ್ಲಿ ಕ್ರಿಸ್ ಜಾನ್ಸನ್ 4.24 ಸೆಕೆಂಡಿನಲ್ಲಿ ಓಡಿದರು, ಮರುವರ್ಷ ಟೆನ್ನೆಸ್ಸಿ ಪರ 2,006 ಗಜ ಗಳಿಸಿದರು. ಆದರೆ ಎಮ್ಮಿಟ್ ಸ್ಮಿತ್ ಚಿಕ್ಕ ಆಳು, ವೇಗ ಸಾಲದು ಎಂದು 1990ರಲ್ಲಿ ಮಾತಾಡಿಕೊಂಡರು. 16 ಆಯ್ಕೆಗಳು ಮುಗಿದ ಮೇಲೆ ಡಲ್ಲಾಸ್ ಅವರನ್ನು ಎತ್ತಿಕೊಂಡಿತು. ಅವರು 18,355 ಗಜ ಓಡಿ ನಿವೃತ್ತರಾದರು, ಆ ದಾಖಲೆ ಇನ್ನೂ ಹಾಗೇ ಇದೆ. 1994ರ ಜನವರಿ 2ರಂದು ಜೈಂಟ್ಸ್ ವಿರುದ್ಧ ಭುಜದ ಕೀಲು ಕಳಚಿದ್ದರೂ ಅವರು 32 ಸಲ ಚೆಂಡು ಹೊತ್ತು 168 ಗಜ ಓಡಿದರು, ಹತ್ತು ಸಲ ಚೆಂಡು ಹಿಡಿದರು. ಚಡ್ಡಿಯಲ್ಲಿ ನಿಲ್ಲಿಸಿ ಓಡಿಸುವ ಯಾವ ಪರೀಕ್ಷೆಯೂ ಇದನ್ನು ತೋರಿಸದು.

1995ರ ಡ್ರಾಫ್ಟ್ ಈ ಇಡೀ ಕಸುಬಿಗೆ ಪಾಠದ ಪುಸ್ತಕ. ಮೊದಲ ಆಯ್ಕೆ ಪೆನ್ ಸ್ಟೇಟ್‌ನ ಕಿಜಾನಾ ಕಾರ್ಟರ್. ರೋಸ್ ಬೌಲ್ ಪಂದ್ಯದಲ್ಲಿ ತಮ್ಮ ತಂಡದ ಮೊಟ್ಟಮೊದಲ ಆಟದಲ್ಲೇ 83 ಗಜ ಓಡಿ ಟಚ್‌ಡೌನ್ ಮಾಡಿದವರು, 1994ರಲ್ಲಿ ಸಲಕ್ಕೆ 7.8 ಗಜದ ಸರಾಸರಿ ಇದ್ದವರು. ಸಿನ್ಸಿನಾಟಿ ತಂಡ ಮೇಲೇರಿ ಬಂದು ಅವರನ್ನು ಹಿಡಿಯಿತು. ಋತುಪೂರ್ವ ಪಂದ್ಯದಲ್ಲಿ ಮೂರನೇ ಸಲ ಚೆಂಡು ಹೊತ್ತಾಗಲೇ ಮೊಣಕಾಲು ಹೋಯಿತು, ಮುಂದೆಂದೂ ಅವರು ಮೊದಲಿನ ಆಟಗಾರರಾಗಲಿಲ್ಲ. ಅದನ್ನು ಹುಡುಗರನ್ನು ಅಳೆದು ಆರಿಸುವ ಸ್ಕೌಟ್‌ಗಳ ತಪ್ಪು ಎನ್ನಲು ನನ್ನಿಂದಾಗದು. ಯಾವ ಕಣ್ಣಿಗೂ ನಾಳೆಯ ಮೊಣಕಾಲು ಕಾಣುವುದಿಲ್ಲ. ಅದೇ ಡ್ರಾಫ್ಟ್‌ನಲ್ಲಿ ಗಾಯಾಳು ಎಂಬ ಕಾರಣಕ್ಕೆ ಮೂರನೇ ಸುತ್ತಿಗೆ ಜಾರಿದ ಪಿಟ್ಸ್‌ಬರ್ಗ್‌ನ ಕರ್ಟಿಸ್ ಮಾರ್ಟಿನ್ 14,101 ಗಜ ಓಡಿದರು. ಆರನೇ ಸುತ್ತಿನಲ್ಲಿ, 196ನೆಯವರಾಗಿ, ಡೆನ್ವರ್ ಆರಿಸಿದ್ದು ಜಾರ್ಜಿಯಾದ ಟೆರೆಲ್ ಡೇವಿಸ್ ಅವರನ್ನು.

ಡೇವಿಸ್ ಕಥೆಯನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಅವರು ಮೊದಲು ಸೇರಿದ್ದು ಲಾಂಗ್ ಬೀಚ್ ಸ್ಟೇಟ್. ಆ ಕಾಲೇಜು 1991ರಲ್ಲಿ ಫುಟ್‌ಬಾಲನ್ನೇ ಕೈಬಿಟ್ಟಿತು. ಜಾರ್ಜಿಯಾಕ್ಕೆ ಬಂದರೆ ಅಲ್ಲಿ ಗ್ಯಾರಿಸನ್ ಹರ್ಸ್ಟ್ ಎಂಬ ತಾರೆಯ ಹಿಂದೆ ಬದಲಿಯಾಗಿ ಕಾಯಬೇಕಾಯಿತು, ಆಮೇಲೆ ತೊಡೆಯ ಸ್ನಾಯು ಕೈಕೊಟ್ಟಿತು. ಕಾಲೇಜಿನ ಅಂಕಿಗಳಲ್ಲಿ ಹೇಳಿಕೊಳ್ಳುವಂಥದ್ದೇನೂ ಉಳಿಯಲಿಲ್ಲ. ಡೆನ್ವರ್ ತಂಡದ ಜೊತೆ ಟೋಕಿಯೊಗೆ ಋತುಪೂರ್ವ ಪಂದ್ಯಕ್ಕೆ ಹೋದಾಗ, ಎಲ್ಲಾ ಬಿಟ್ಟು ಮನೆಗೆ ಹೋಗಿಬಿಡೋಣ ಎಂದುಕೊಂಡಿದ್ದರಂತೆ. ಅದೇ ಪಂದ್ಯದಲ್ಲಿ ಕಿಕ್ಆಫ್ ವೇಳೆ ಓಡಿಹೋಗಿ ಎದುರಾಳಿಯನ್ನು ಬೀಳಿಸಿದ ಒಂದು ಭರ್ಜರಿ ಟ್ಯಾಕಲ್ ತರಬೇತುದಾರರ ಗಮನ ಸೆಳೆಯಿತು. ಆ ವರ್ಷ 1,117 ಗಜ, 1998ರಲ್ಲಿ 2,008 ಗಜ, 2017ರಲ್ಲಿ ಹಾಲ್ ಆಫ್ ಫೇಮ್.

ಇದಕ್ಕೆ ಒಂದು ಬಲವಾದ ತಕರಾರು ಇದೆ. ಡೆನ್ವರ್‌ನಲ್ಲಿ ಮೈಕ್ ಶನಾಹನ್ ತರಬೇತಿಯಲ್ಲಿ, ಅಲೆಕ್ಸ್ ಗಿಬ್ಸ್ ಪಳಗಿಸಿದ ಲೈನ್ ಹಿಂದೆ ಯಾರು ಬೇಕಾದರೂ ಓಡುತ್ತಿದ್ದರು ಎನ್ನುವವರಿದ್ದಾರೆ. ಡೇವಿಸ್ ಗಾಯಗೊಂಡ ಮೇಲೆ 1999ರಲ್ಲಿ ಒಲಾಂಡಿಸ್ ಗ್ಯಾರಿ, 2000ದಲ್ಲಿ ಮೈಕ್ ಆಂಡರ್ಸನ್, 2002ರಲ್ಲಿ ಕ್ಲಿಂಟನ್ ಪೋರ್ಟಿಸ್ ಅಲ್ಲಿ ಸಾವಿರ ಗಜ ದಾಟಿದ್ದು ನಿಜ. ಶನಾಹನ್ ವಾಷಿಂಗ್ಟನ್‌ಗೆ ಹೋದ ಮೇಲೆ, ರಿಚರ್ಡ್ಸನ್ ಆಯ್ಕೆಯಾದ 2012ರಲ್ಲೇ, ಆರನೇ ಸುತ್ತಿನ ಆಲ್ಫ್ರೆಡ್ ಮಾರಿಸ್ 1,613 ಗಜ ಓಡಿದ್ದೂ ನಿಜ. ನನಗೆ ಇದರಲ್ಲಿ ವಿರೋಧ ಕಾಣುವುದಿಲ್ಲ. ಶನಾಹನ್ ಹುಡುಕುತ್ತಿದ್ದುದು ಒಂದೇ ಗುಣವನ್ನು: ನೋಡು, ಒಂದು ಸಲ ತಿರುಗು, ಮುಂದೆ ನುಗ್ಗು. ಅದು ಆರನೇ ಸುತ್ತಿನಲ್ಲೂ ಅವರಿಗೆ ಸಿಗುತ್ತಿತ್ತು. ಉಳಿದವರು ತೂಕ, ವೇಗ, ಒಟ್ಟು ಗಜ ನೋಡುತ್ತಿದ್ದರಿಂದ ಅಂಥ ಹುಡುಗರು ಅಲ್ಲಿಯವರೆಗೆ ಉಳಿದಿರುತ್ತಿದ್ದರು.

ಚೆಂಡು ಕೈಯಲ್ಲಿಲ್ಲದ ಹೊತ್ತನ್ನೂ ಮರೆಯಬಾರದು. ಕ್ವಾರ್ಟರ್‌ಬ್ಯಾಕ್ ಎಸೆಯಲು ಹಿಂದೆ ಸರಿದಾಗ, ಎಲ್ಲಿಂದಲೋ ಹಾರಿಬರುವ ನೂರಾ ಹತ್ತು ಕಿಲೋ ತೂಕದ ಲೈನ್‌ಬ್ಯಾಕರ್‌ನನ್ನು ಗುರುತಿಸಿ ಎದೆಕೊಟ್ಟು ತಡೆಯಬೇಕಾದವನು ರನ್ನಿಂಗ್ ಬ್ಯಾಕ್. ಅನೇಕ ಕಾಲೇಜುಗಳು ಇದನ್ನು ಸರಿಯಾಗಿ ಕಲಿಸುವುದೇ ಇಲ್ಲ. ಆದರೆ ಕೋಟಿಗಟ್ಟಲೆ ಡಾಲರ್‌ನ ಕ್ವಾರ್ಟರ್‌ಬ್ಯಾಕ್‌ನನ್ನು ಕಾಯಲು ಬಾರದವನನ್ನು ಎನ್‌ಎಫ್‌ಎಲ್ ತರಬೇತುದಾರ ಮೈದಾನಕ್ಕೆ ಇಳಿಸುವುದಿಲ್ಲ, ಅವನು ಎಷ್ಟೇ ಚೆನ್ನಾಗಿ ಓಡಲಿ. ಕಾಲೇಜು ಪಂದ್ಯ ನೋಡುವಾಗ ಚೆಂಡನ್ನು ಬಿಟ್ಟು ಈ ಹುಡುಗನನ್ನೇ ನೋಡಬೇಕಾದ ಹೊತ್ತು ಅದು.

ಇತ್ತೀಚಿನವರಲ್ಲಿ ಈ ಅಳತೆಗೆ ಒಡ್ಡಿ ನೋಡಬೇಕಾದವರು ಬಾಯ್ಸಿ ಸ್ಟೇಟ್‌ನ ಆಷ್ಟನ್ ಜೀಂಟಿ. 2024ರಲ್ಲಿ 2,601 ಗಜ ಓಡಿದರು. 1988ರಲ್ಲಿ ಬ್ಯಾರಿ ಸ್ಯಾಂಡರ್ಸ್ ಬರೆದ 2,628 ಗಜದ ದಾಖಲೆಗೆ 27 ಗಜ ಕಡಿಮೆ. ಕಂಬೈನ್‌ನಲ್ಲಿ 40 ಗಜ ಓಡಲೇ ಇಲ್ಲ, ಆದರೂ ಲಾಸ್ ವೇಗಸ್ ರೈಡರ್ಸ್ 2025ರಲ್ಲಿ ಆರನೆಯವರಾಗಿ ಆರಿಸಿತು. ಎದುರಾಳಿಗಳು ಸಣ್ಣ ಕಾಲೇಜುಗಳು ಎಂಬ ಆಕ್ಷೇಪಕ್ಕೆ ಒರೆಗಾನ್ ವಿರುದ್ಧದ 192 ಗಜ ಉತ್ತರವಾಯಿತು. ಆದರೆ ನಾನು ಸ್ಕೌಟ್ ಆಗಿದ್ದರೆ ಮೊದಲು ತೆರೆಯುತ್ತಿದ್ದುದು ಅವರನ್ನು ಕಟ್ಟಿಹಾಕಿದ ಪಂದ್ಯವನ್ನು. ಡಿಸೆಂಬರ್ 31ರ ಫಿಯೆಸ್ಟಾ ಬೌಲ್‌ನಲ್ಲಿ ಪೆನ್ ಸ್ಟೇಟ್ ಅವರಿಗಾಗಿಯೇ ಗೋಡೆ ಕಟ್ಟಿತ್ತು. 30 ಸಲ ಚೆಂಡು ಹೊತ್ತು 104 ಗಜ. ಚೆಂಡು ಕೈಜಾರಿದ್ದೂ ಅಲ್ಲೇ. ಆದರೆ ಮೊದಲು ಮೈಮೇಲೆ ಬಿದ್ದವನಿಗೆ ಅವರು ಅಷ್ಟು ಸುಲಭಕ್ಕೆ ಬೀಳಲಿಲ್ಲ. ಗಿಡ್ಡ ಮೈ, ಭಾರ ಕೆಳಗೆ, ಏಟು ಬಿದ್ದ ಮೇಲೂ ಕಾಲು ನಿಲ್ಲುವುದಿಲ್ಲ. ಆ ಋತುವಿನ ಗಜಗಳಲ್ಲಿ ಬಹುಪಾಲು ಮೊದಲ ಏಟು ತಿಂದ ನಂತರ ಗಳಿಸಿದ್ದು. ಆ ಪಾಲು ಲೈನ್‌ಮನ್‌ಗಳು ಕೊಟ್ಟದ್ದಲ್ಲ.

ಒಂದು ಅಂಕಿ ಮಾತ್ರ ನನ್ನನ್ನು ಕಾಡುತ್ತದೆ. ಆ ಒಂದೇ ಋತುವಿನಲ್ಲಿ ಅವರು 374 ಸಲ ಚೆಂಡು ಹೊತ್ತು ಓಡಿದರು. ಹೆಚ್ಚು ಓಡಿದ ಹುಡುಗನ ಹೆಸರಿನ ಮುಂದೆ ಸ್ಕೌಟ್‌ಗಳು ಸವೆತ ಎಂದು ಗುರುತು ಹಾಕುತ್ತಾರೆ, ಬೆಲೆ ಇಳಿಸುತ್ತಾರೆ. ಆದರೆ ಹೈಸ್ಕೂಲು ಮುಗಿಸಿ ಮೂರು ವರ್ಷ ಆಗುವವರೆಗೆ ಎನ್‌ಎಫ್‌ಎಲ್ ಯಾರನ್ನೂ ಒಳಗೆ ಬಿಡುವುದಿಲ್ಲ. ಒಹಾಯೊ ಸ್ಟೇಟ್‌ಗೆ 2002ರ ಚಾಂಪಿಯನ್‌ಶಿಪ್ ಗೆಲ್ಲಿಸಿಕೊಟ್ಟ ಮಾರಿಸ್ ಕ್ಲಾರೆಟ್ ಈ ನಿಯಮದ ವಿರುದ್ಧ ಕೋರ್ಟಿಗೆ ಹೋದರು. ಕೆಳಗಿನ ಕೋರ್ಟಿನಲ್ಲಿ ಗೆದ್ದು, 2004ರಲ್ಲಿ ಮೇಲ್ಮನವಿಯಲ್ಲಿ ಸೋತರು. ಆ ತೀರ್ಪು ಬರೆದವರು ಮುಂದೆ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಯಾದ ಸೋನಿಯಾ ಸೊಟೊಮೇಯರ್. ಕ್ಲಾರೆಟ್ ಎನ್‌ಎಫ್‌ಎಲ್‌ನಲ್ಲಿ ಒಂದು ಪಂದ್ಯವನ್ನೂ ಆಡಲಿಲ್ಲ. ಸೌತ್ ಕ್ಯಾರೊಲೈನಾದ ಮಾರ್ಕಸ್ ಲ್ಯಾಟಿಮೋರ್ 2012ರಲ್ಲಿ ಕಾಲೇಜು ಮೈದಾನದಲ್ಲೇ ಮೊಣಕಾಲು ಕಳೆದುಕೊಂಡರು. ಸ್ಯಾನ್ ಫ್ರಾನ್ಸಿಸ್ಕೊ ಅವರನ್ನು ಆರಿಸಿಕೊಂಡರೂ ಒಂದು ಪಂದ್ಯಕ್ಕೂ ಕಣಕ್ಕಿಳಿಯಲಾಗಲಿಲ್ಲ.

2021ರಿಂದ ಕಾಲೇಜು ಆಟಗಾರರು ತಮ್ಮ ಹೆಸರಿನಿಂದ ಹಣ ಗಳಿಸಬಹುದು, 2025ರಿಂದ ಕಾಲೇಜುಗಳೇ ನೇರವಾಗಿ ಕೊಡಬಹುದು. ಒಳ್ಳೆಯದಾಯಿತು. ಆದರೆ ರನ್ನಿಂಗ್ ಬ್ಯಾಕ್‌ನ ಕಾಲುಗಳಿಗೆ ಇರುವ ವರ್ಷಗಳು ಕ್ವಾರ್ಟರ್‌ಬ್ಯಾಕ್‌ನ ತೋಳಿಗೆ ಇರುವಷ್ಟಿಲ್ಲ. ಡ್ರಾಫ್ಟ್ ಆದ ಮೇಲೂ ಮೊದಲ ಒಪ್ಪಂದ ನಾಲ್ಕು ವರ್ಷದ್ದು. ಅದು ಮುಗಿದು ತನ್ನ ಬೆಲೆ ತಾನು ಕೇಳುವ ಹೊತ್ತಿಗೆ ಅವನಿಗೆ ವಯಸ್ಸಾಯಿತು ಎನ್ನುತ್ತಾರೆ. ಮಾಲೀಕರು ಮತ್ತು ಆಟಗಾರರ ಸಂಘದ ನಡುವಿನ ಈಗಿನ ಒಪ್ಪಂದ 2030ರ ಋತುವಿನವರೆಗೆ ಇದೆ. ಅದನ್ನು ಹೊಸದಾಗಿ ಬರೆಯುವಾಗ ರನ್ನಿಂಗ್ ಬ್ಯಾಕ್‌ಗಳಿಗಾದರೂ ಮೂರು ವರ್ಷದ ಕಾಯುವಿಕೆಯನ್ನು ಎರಡಕ್ಕೆ ಇಳಿಸಲಿ, ಮೊದಲ ಒಪ್ಪಂದವನ್ನು ಮೂರು ವರ್ಷಕ್ಕೆ ಮುಗಿಸಲಿ.