ಟ್ರಾನ್ಸ್‌ಮಿಷನ್ ದ್ರವ: ಮನೆಯಲ್ಲೋ, ಮೆಕ್ಯಾನಿಕ್ ಬಳಿಯೋ?

ಅಮೆರಿಕದಲ್ಲಿ ನೆಲೆಸಿದ ನಮ್ಮಲ್ಲಿ ಅನೇಕರು ಕಾರಿನ ಎಂಜಿನ್ ಆಯಿಲನ್ನು ಮನೆಯಲ್ಲೇ ಬದಲಿಸುತ್ತೇವೆ. ಈ ಸ್ವಾವಲಂಬನೆ ಮೆಚ್ಚತಕ್ಕದ್ದೇ. ಆದರೆ ಆಟೊಮ್ಯಾಟಿಕ್ ಟ್ರಾನ್ಸ್‌ಮಿಷನ್ನಿನ ದ್ರವದ ವಿಷಯದಲ್ಲಿ ತುಸು ವಿವೇಚನೆ ಅಗತ್ಯವೆಂಬುದು ನಮ್ಮ ಅಭಿಪ್ರಾಯ.

ವಾರಂಟಿಯ ಭಯ ಇದಕ್ಕೆ ಕಾರಣವಲ್ಲ. ಮನೆಯಲ್ಲಿ ಮಾಡಿದ ಮಾತ್ರಕ್ಕೆ ವಾರಂಟಿ ರದ್ದಾಗದು. 1975ರ ಮ್ಯಾಗ್ನಸನ್-ಮಾಸ್ ಕಾಯಿದೆ ಗ್ರಾಹಕರ ಪರವಾಗಿದೆ. ರಸೀದಿಗಳನ್ನು ಮಾತ್ರ ಜೋಪಾನವಾಗಿಡಬೇಕು.

ಡಿಪ್‌ಸ್ಟಿಕ್ ಇರುವ ಕಾರುಗಳಲ್ಲಿ ಕೆಲಸ ಸುಲಭ: ಬಸಿದಷ್ಟನ್ನೇ ಅಳೆದು ತುಂಬಿ, ಮೇಲಿನಿಂದಲೇ ಮಟ್ಟ ನೋಡಬಹುದು. ಇಂದಿನ ಅನೇಕ ಕಾರುಗಳಲ್ಲಿ ಅದಿಲ್ಲ. ದ್ರವವು ತಯಾರಕರು ಸೂಚಿಸಿದ ಉಷ್ಣತೆಗೆ ಬಂದಾಗ, ಎಂಜಿನ್ ಓಡುತ್ತಿರುವಂತೆಯೇ, ಸಮತಟ್ಟಾಗಿ ಎತ್ತಿ ನಿಲ್ಲಿಸಿದ ಕಾರಿನಡಿ ಪ್ಲಗ್ ತೆಗೆದು ಮಟ್ಟ ಪರೀಕ್ಷಿಸಬೇಕು. ಲಿಫ್ಟ್ ಉಳ್ಳ ಮೆಕ್ಯಾನಿಕ್‌ಗೆ ಇದು ನಿತ್ಯದ ಕಾಯಕ. ನಮ್ಮ ಡ್ರೈವ್‌ವೇಯಲ್ಲಿ ಅಪಾಯ. ಜಾಕ್ ಜಾರಿ ಎದೆಯ ಮೇಲೆ ಕಾರು ಕುಳಿತರೆ ಪ್ರಾಣ ಹೋಗಲು ಕೆಲವೇ ನಿಮಿಷ ಸಾಕು. ವೈದ್ಯರಾದ ನಮಗೆ ಯಾವ ಉಳಿತಾಯವೂ ಅದಕ್ಕೆ ಸಮನೆನಿಸದು.

ಮೆಕ್ಯಾನಿಕ್‌ಗೆ ಒಪ್ಪಿಸಿದರೂ ವಿಚಾರಿಸುವ ಹೊಣೆ ನಮ್ಮದೇ. ಕೈಪಿಡಿಯಲ್ಲಿ ಹೇಳಿದ ದ್ರವವನ್ನೇ ಹಾಕುವರೇ? ಒಮ್ಮೆ ಬಸಿದರೆ ಟಾರ್ಕ್ ಕನ್ವರ್ಟರಿನಲ್ಲಿ ಹಳೆಯದು ಸಾಕಷ್ಟು ಉಳಿಯುತ್ತದೆ, ಎಷ್ಟು ಬದಲಾಯಿತು? ಈ ಎರಡು ಪ್ರಶ್ನೆ ಕೇಳಿಯೇ ಕೀಲಿಕೈ ಕೊಡೋಣ.